ಮ್ಯಾಶ್ ಮಾಡೋ ಕೆಟಲ್‌ಗೆ ಯಾವ ಇನ್ಸುಲೇಶನ್ ಸುತ್ತಬೇಕು? ಒಂದ್ ಗಂಟೇಲಿ 6 ಡಿಗ್ರಿ ಇಳೀತಿದೆ

ಕುದಿಬಿಂದು:
ಎಲ್ರಿಗೂ ನಮಸ್ಕಾರ. ಮನೇಲಿ ಬಿಯರ್ ಮಾಡೋಕೆ ಶುರು ಮಾಡಿ ಎಂಟು ಬ್ಯಾಚ್ ಆಯ್ತು. ನಂದು ಒಂದೇ ಪಾತ್ರೆ ಲೆಕ್ಕ, ಬ್ಯಾಗ್‌ನಲ್ಲೇ ಮ್ಯಾಶ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಅಂದ್ರೆ ಮಾಲ್ಟ್‌ನ, ಬಿಸಿ ನೀರಲ್ಲಿ ನೆನೆಸಿಡೋದು), ಅದೇ ಪಾತ್ರೇಲಿ ಕುದಿಸೋದು. 33 ಲೀಟರ್ ಸ್ಟೀಲ್ ಕೆಟಲ್, ಅಡ್ಡಗಲ 35 ಸೆಂಟಿಮೀಟರ್, ಎತ್ತರಾನೂ ಹೆಚ್ಚುಕಮ್ಮಿ ಅಷ್ಟೇ, ಒಂಟಿ ಪದರ, ಕೆಳಗೆ ಗ್ಯಾಸ್ ಬರ್ನರ್. 24 ಲೀಟರ್ ನೀರಿಗೆ 5 ಕೆಜಿ ಮಾಲ್ಟ್. 67 ಡಿಗ್ರಿಗೆ ಶುರು ಮಾಡಿ ಮುಚ್ಚಿಟ್ರೆ ಒಂದ್ ಗಂಟೆ ಕಳೆಯೋಷ್ಟರಲ್ಲಿ 61ಕ್ಕೆ ಬಂದಿರುತ್ತೆ. ಮೈ ತುಂಬಿರೋ ಬಿಯರ್ ಬೇಕು ಅಂತ 67 ಇಟ್ಕೊಂಡ್ರೆ ಕೊನೆಗೆ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 1.008ಕ್ಕೆ ಇಳಿದು ತೆಳ್ಳಗೆ ನೀರ್ ನೀರಾಗಿ ಬರ್ತಿದೆ.

ಹೋದ್ಸಲ ಮಧ್ಯದಲ್ಲಿ ಗ್ಯಾಸ್ ಹಚ್ಚಿ ಸರಿ ಮಾಡೋಣ ಅಂತ ಹೋದೆ, ಥರ್ಮಾಮೀಟರ್ ಮೇಲ್ಗಡೆ 64 ತೋರಿಸ್ತಿತ್ತು, ಕಲಕಿದ ಮೇಲೆ ನೋಡಿದ್ರೆ 71. ಬ್ಯಾಗ್ ಎತ್ತಿದಾಗ ತಳದಲ್ಲಿ ಅಂಗೈಯಗಲ ಬಟ್ಟೆ ಗಟ್ಟಿಯಾಗಿ, ನೂಲು ನೂಲು ಅಂಟ್ಕೊಂಡು ಗಾಜಿನ ಥರ ಹೊಳೀತಿತ್ತು. ಇನ್ಮೇಲೆ ಮ್ಯಾಶ್ ಮಧ್ಯೆ ಬೆಂಕಿ ಹಚ್ಚೋದೇ ಬೇಡ ಅನ್ಸಿದೆ.

ಕಣ್ಣಲ್ಲಿರೋದು ನಾಲ್ಕು: ಕ್ಯಾಂಪಿಂಗ್‌ಗೆ ಹಾಸ್ಕೊಳ್ಳೋ ಫೋಮ್ ಮ್ಯಾಟು, ಬೆಳ್ಳಿ ಬಣ್ಣದ ಬಬಲ್ ಶೀಟು, ಎಸಿ ಪೈಪಿಗೆ ಸುತ್ತೋ ಕಪ್ಪು ನೈಟ್ರೈಲ್ ರಬ್ಬರ್ ಫೋಮು, ಆಮೇಲೆ ರಾಕ್‌ವೂಲ್. ಯಾವುದು ತಗೊಳ್ಳಲಿ, ಎಷ್ಟು ದಪ್ಪ ತಗೊಳ್ಳಲಿ?

ಗಸಿಗಡಿಗೆ:
ಹಳೇ ಸ್ಲೀಪಿಂಗ್ ಬ್ಯಾಗ್ ಹೊದಿಸಿ ಸಾರ್. ನಾನು ಮೂರ್ ವರ್ಷದಿಂದ ಅದನ್ನೇ ಮಾಡ್ತಿರೋದು.

ನೊರೆನೊರೆ:
ಸ್ಲೀಪಿಂಗ್ ಬ್ಯಾಗ್ ಒಳ್ಳೇದೇ ಮಾರಾಯ್ರೆ, ಆದ್ರೆ ಅವರದ್ದು ಗ್ಯಾಸ್ ಬರ್ನರ್ ಅಲ್ವಾ. ಬರ್ನರ್ ಆರಿಸಿದ ಮೇಲೂ ಆ ಕಬ್ಬಿಣದ ಸ್ಟ್ಯಾಂಡ್ ಎಷ್ಟೊತ್ತು ಸುಡ್ತಾ ಇರ್ತದೆ ಅಂತ ಕೈ ಹತ್ರ ತಂದು ನೋಡಿ. ಪಾಲಿಯೆಸ್ಟರ್ ಬಟ್ಟೆ ಅದಕ್ಕೆ ತಾಗಿದ್ರೆ ಉರಿಯೋದಕ್ಕಿಂತ ಮೊದ್ಲು ಕರಗಿ ತೊಟ್ಟಿಕ್ಕಲಿಕ್ಕೆ ಶುರು ಆಗ್ತದೆ. ಹೊದಿಸೋದೇ ಆದ್ರೆ ಉಣ್ಣೆ ಕಂಬಳಿ ಹೊದಿಸಿ. ಉಣ್ಣೆ ಕರಗೋದಿಲ್ಲ, ಬೇಗ ಹೊತ್ತಿಕೊಳ್ಳೋದೂ ಇಲ್ಲ, ಕಿಡಿ ಬಿದ್ರೆ ಅಲ್ಲೇ ಕರಟಿ ನಿಂತು ಹೋಗ್ತದೆ. ಬಿಸಿ ಹಿಡಿಯೋ ಶಕ್ತೀಲಿ ಫೋಮಿಗಿಂತ ಏನೂ ಕಮ್ಮಿ ಇಲ್ಲ, ಒಣಗಿದ್ರೆ ಮಾತ್ರ.

ಹಬೆಯಂತ್ರ:
ಕುದಿಬಿಂದು ಅವ್ರೇ, ನೀವು ಅಳತೆ ಎಲ್ಲಾ ಸರಿಯಾಗಿ ಕೊಟ್ಟಿದೀರ, ಅದಕ್ಕೆ ಕೂತು ಲೆಕ್ಕ ಹಾಕ್ದೆ. ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ನೀರಿಗೆ ಹೋಲಿಸಿದ್ರೆ ಒಣ ಮಾಲ್ಟ್ ಸುಮಾರು ಐದನೇ ಎರಡು ಭಾಗದಷ್ಟು ಬಿಸಿ ಮಾತ್ರ ಹಿಡಿದಿಟ್ಕೊಳ್ಳುತ್ತೆ. ಹಾಗಾಗಿ 5 ಕೆಜಿ ಮಾಲ್ಟ್ ಅಂದ್ರೆ 2 ಲೀಟರ್ ನೀರಿದ್ದಂಗೆ, ನಿಮ್ಮ ಮ್ಯಾಶ್ ಒಟ್ಟು 26 ಲೀಟರ್ ನೀರಿಗೆ ಸಮ. ಅದು ಒಂದು ಡಿಗ್ರಿ ಇಳೀಬೇಕಾದ್ರೆ ಹೆಚ್ಚುಕಮ್ಮಿ 109 ಕಿಲೋಜೂಲ್ ಹೊರಗೆ ಹೋಗ್ಬೇಕು. 6 ಡಿಗ್ರಿ ಇಳೀತಿದೆ ಅಂದ್ರೆ ಗಂಟೆಗೆ 650 ಕಿಲೋಜೂಲ್, ಅಂದ್ರೆ 180 ವ್ಯಾಟ್. ಮೂರು ಹಳೇ 60 ವ್ಯಾಟ್ ಬಲ್ಬ್ ಉರಿಸಿದಷ್ಟು ಬಿಸಿ ಪಾತ್ರೆ ಮೈಯಿಂದ ಸುಮ್ನೆ ಸೋರ್ತಾ ಇದೆ.

ಇದು ಎಲ್ಲಿಂದ ಹೋಗ್ತಿದೆ ಅನ್ನೋದು ಮುಖ್ಯ. ಹೊರಗಿನ ಗಾಳಿ 25 ಡಿಗ್ರಿ ಅಂತ ಇಟ್ಕೊಂಡ್ರೆ ನಿಮ್ಮ ಅಳತೆಗೆ ಸುತ್ತಲಿನ ಗೋಡೆಯಿಂದ ಸುಮಾರು 110 ವ್ಯಾಟ್, ಮುಚ್ಚಳದಿಂದ ಒಂದು 25, ತಳದಿಂದ ಒಂದು 25, ಉಳಿದಿದ್ದು ಮುಚ್ಚಳದ ಸಂದಿಯಿಂದ ಹಬೆ ರೂಪದಲ್ಲಿ. ಈ ಹಬೇನ ಹಗುರವಾಗಿ ತಗೋಬೇಡಿ. ಬರೀ 100 ಗ್ರಾಂ ನೀರು ಆವಿಯಾಗಿ ಹೋದ್ರೂ 230 ಕಿಲೋಜೂಲ್ ತಗೊಂಡು ಹೋಗುತ್ತೆ, ಅಂದ್ರೆ ನಿಮ್ಮ ಮ್ಯಾಶ್‌ನ 2 ಡಿಗ್ರಿ ಅರ್ಧ ಲೋಟ ನೀರಲ್ಲೇ ಹೋದಂಗೆ. ಪದೇ ಪದೇ ಮುಚ್ಚಳ ತೆಗೆದು ನೋಡೋರಿಗೆ ಎಷ್ಟು ದಪ್ಪ ಫೋಮ್ ಸುತ್ತಿದ್ರೂ ಇಳಿಯೋದು ಇದಕ್ಕೇನೆ.

ಈಗ ದಪ್ಪ. ಈ ಫೋಮುಗಳು, ಉಣ್ಣೆ, ರಾಕ್‌ವೂಲ್ ಎಲ್ಲಾನೂ ಬಿಸಿ ತಡೆಯೋದ್ರಲ್ಲಿ ಅಣ್ಣತಮ್ಮಂದ್ರೇ, ಬಿಸಿ ದಾಟಿಸೋ ಅಂಕಿ (ಮೀಟರ್‌ಗೆ, ಡಿಗ್ರಿಗೆ ಇಷ್ಟು ವ್ಯಾಟ್ ಅಂತ) 0.035ರಿಂದ 0.04 ಒಳಗೇ ಬರುತ್ತೆ, ಯಾಕಂದ್ರೆ ಎಲ್ಲದರಲ್ಲೂ ಕೆಲಸ ಮಾಡ್ತಿರೋದು ಒಳಗೆ ಅಲ್ಲಾಡದೆ ನಿಂತಿರೋ ಗಾಳಿ. ನಿಮ್ಮ ಗೋಡೆಗೆ 12 ಮಿಲಿಮೀಟರ್ ಸುತ್ತಿದ್ರೆ 110 ವ್ಯಾಟ್ ಹೋಗಿ 37 ಆಗುತ್ತೆ. ಇನ್ನೂ 12 ಮಿಲಿಮೀಟರ್ ಸೇರಿಸಿದ್ರೆ 37 ಹೋಗಿ 21. ಮೊದಲ ಪದರ 70ಕ್ಕೂ ಹೆಚ್ಚು ವ್ಯಾಟ್ ಉಳಿಸಿತು, ಎರಡನೇದು 16, ಅದು ಗಂಟೆಗೆ ಅರ್ಧ ಡಿಗ್ರಿ ಅಷ್ಟೇ. ಅದಕ್ಕೇ ನಾನು ಹೇಳೋದು, ದಪ್ಪದ ಹಿಂದೆ ಬೀಳಬೇಡಿ. ನಿಮ್ಮ ಕೆಟಲ್ ಕೆಳಗೆ ಏನಿದೆ, ಮೇಲೆ ಏನು ಚೆಲ್ಲುತ್ತೆ ಅದನ್ನ ನೋಡಿ ವಸ್ತು ಆರಿಸಿ.

ಎರಡುಕುದಿ:
ಹಬೆಯಂತ್ರ ಅವ್ರು ಲೆಕ್ಕಾ ಭಾಳ ಚಲೋ ಹೇಳ್ಯಾರ್ರಿ. ನಂದೊಂದು ಅನುಭವ ಹೇಳ್ತೀನಿ. ನಾನೂ ಮೊದ್ಲ ಕ್ಯಾಂಪಿಂಗ್ ಮ್ಯಾಟ್ ಸುತ್ತಿದ್ದೆ, ಮ್ಯಾಶ್ ಮಟಾ ಎಲ್ಲಾ ಚೊಲೋನ ಇತ್ತು, 66ಕ್ಕ ಏನೂ ಆಗಲಿಲ್ಲ. ಆಮ್ಯಾಲೆ ಕುದಿಸೂ ಮುಂದ ತಗೀಲಿಲ್ಲ. ಗ್ಯಾಸಿನ ಉರಿ ತಳಕ್ಕ ಬಡದು ಸುಮ್ನ ಕುಂದರಂಗಿಲ್ರಿ, ಗ್ವಾಡಿ ಹಿಡ್ಕೊಂಡು ಮ್ಯಾಲೆ ಏರತೈತಿ. ಹತ್ತು ನಿಮಿಷದಾಗ ಮ್ಯಾಟಿನ ಕೆಳಗಿನ ಅಂಚು ಸುರಳಿ ಸುತ್ತಿ ಮ್ಯಾಲೆ ಬಂತು, ಕರ್ರಗ ಮೇಣದಂಗ ಸ್ಟೀಲಿಗೆ ಇಳೀತು, ಆ ವಾಸನಿ ಎರಡು ದಿನ ಹೋಗಲಿಲ್ಲ. ಪಾತ್ರಿ ಮ್ಯಾಲಿನ ಕಲಿ ಇನ್ನೂ ಐತಿ.

ಗ್ಯಾಸ್ ಇದ್ದವರು ಏನ ಸುತ್ರಿ, ಬಿಚ್ಚಾಕ ಬರೂ ಹಂಗ ಸುತ್ರಿ. ಅಂಟಸಬ್ಯಾಡ್ರಿ.

ಕುದಿಬಿಂದು:
ಹಬೆಯಂತ್ರ ಸಾರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹಂಗಾದ್ರೆ ಬಬಲ್ ಶೀಟ್ ಹೇಗೆ? ಅದು ಹಗುರ, ಬಿಚ್ಚೋದೂ ಸುಲಭ, ಬೆಳ್ಳಿ ಬಣ್ಣ ಬಿಸೀನ ವಾಪಸ್ ಹೊಡೆಯುತ್ತೆ ಅಂತಾರಲ್ಲ. ಎರಡುಕುದಿ ಅವ್ರೇ ನಿಮ್ಮ ಮಾತು ನೆನಪಿಟ್ಕೊಳ್ತೀನಿ.

ಹಬೆಯಂತ್ರ:
ವಾಪಸ್ ಹೊಡೆಯುತ್ತೆ, ಆದ್ರೆ ಅದರ ಮುಂದೆ ಗಾಳಿಯ ಸಂದು ಇದ್ರೆ ಮಾತ್ರ. ಹೊಳಪಿನ ಹಾಳೆ ತಡೆಯೋದು ವಿಕಿರಣದ ಬಿಸೀನ. ಬಿಗಿಯಾಗಿ ಲೋಹಕ್ಕೆ ಒತ್ತಿ ಸುತ್ತಿದ್ರೆ ಬಿಸಿ ಮುಟ್ಟಿ ದಾಟುತ್ತೆ, ಹೊಳಪಿಗೆ ಕೆಲಸಾನೇ ಇರೋದಿಲ್ಲ, ಆಮೇಲೆ ಉಳಿಯೋದು ಆ ಗುಳ್ಳೆಗಳೊಳಗಿನ ನಾಲ್ಕೈದು ಮಿಲಿಮೀಟರ್ ಗಾಳಿ ಅಷ್ಟೇ. ಇನ್ನೊಂದು ವಿಷಯ, ನಿಮ್ಮ ಕೆಟಲ್ ಹೊಳೆಯೋ ಸ್ಟೀಲು, ಅದು ತಾನಾಗೇ ವಿಕಿರಣ ಕಮ್ಮಿ ಬಿಡುತ್ತೆ. ಬಿಸಿ ಹೋಗ್ತಿರೋದು ಬಹುಪಾಲು ಮೈ ಸವರಿಕೊಂಡು ಮೇಲೇಳೋ ಗಾಳಿಯಿಂದ. ಹಂಗಾಗಿ ಬಬಲ್ ಶೀಟ್ ಒಂದು ಸುತ್ತು ಸುತ್ತಿ ಸಾಲಲ್ಲ ಅಂತ ಬೇಜಾರಾಗೋರೇ ಜಾಸ್ತಿ. ಮೂರ್ನಾಲ್ಕು ಸುತ್ತು, ಒಂದಕ್ಕೊಂದು ಸಡಿಲವಾಗಿ ಸುತ್ತಿದ್ರೆ ಚೆನ್ನಾಗೇ ಕೆಲಸ ಮಾಡುತ್ತೆ. ಬಿಸಿ ತಾಳೋದು ಸಾಮಾನ್ಯವಾಗಿ 80 ಡಿಗ್ರಿ ಆಸುಪಾಸು, ಅಂದ್ರೆ ಮ್ಯಾಶ್‌ಗೆ ಸರಿ, ಕುದಿಸುವಾಗ ಮಾತ್ರ ಮೈಮೇಲೆ ಇರಲೇಬಾರದು.

ಹಾಪ್ಸ್‌ಹುಡುಗಿ:
ಕಪ್ಪು ನೈಟ್ರೈಲ್ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ನಂದು ಅದೇ, ಎರಡು ವರ್ಷ ಆಯ್ತು. ನಂದು ಗ್ಯಾಸ್ ಅಲ್ಲ, ಒಳಗೇ 2000 ವ್ಯಾಟ್ ಎಲಿಮೆಂಟ್ ಇರೋ ಕೆಟಲ್. ನೈಟ್ರೈಲ್ ಫೋಮು ಸುಮಾರು 105 ಡಿಗ್ರಿ ತನಕ ತಾಳುತ್ತೆ, ಅದಕ್ಕೆ ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಕುದಿಸುವಾಗ್ಲೂ ಬಿಚ್ಚಬೇಕಾಗಿಲ್ಲ, ವೋರ್ಟ್ (ಮ್ಯಾಶ್‌ನಿಂದ ಸಿಗೋ ಸಿಹಿ ನೀರು) ಕುದಿಯೋದು 100ರ ಆಚೀಚೆ ತಾನೆ. ಅದರ ದೊಡ್ಡ ಗುಣ ಅಂದ್ರೆ ಒಳಗಿನ ಗುಳ್ಳೆಗಳೆಲ್ಲ ಮುಚ್ಕೊಂಡಿರೋವು, ನೀರು ಹೀರಲ್ಲ. ಉಕ್ಕಿ ವೋರ್ಟ್ ಸುರಿದ್ರೂ ಒದ್ದೆ ಬಟ್ಟೇಲಿ ಒರೆಸಿದ್ರೆ ಮುಗೀತು. ರಾಕ್‌ವೂಲ್ ಅಥವಾ ಕಂಬಳಿ ಮೇಲೆ ಅದೇ ವೋರ್ಟ್ ಚೆಲ್ಲಿದ್ರೆ ಏನಾಗುತ್ತೆ ಯೋಚ್ನೆ ಮಾಡಿ. ಸಕ್ಕರೆ ನೀರು ಒಳಗೆ ಇಳಿದು ಹುಳಿ ಹಿಡಿದು ಬೂಸ್ಟು ಬರುತ್ತೆ. ಒದ್ದೆ ಆದ ಮೇಲೆ ಬಿಸೀನೂ ತಡೆಯಲ್ಲ, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಬಿಸಿ ದಾಟಿಸುತ್ತೆ.

ಸುತ್ತಿದ ಮೇಲೆ ನಾನು ಅಂದ್ಕೊಳ್ಳದೇ ಇದ್ದ ಒಂದು ಬದಲಾವಣೆ ಆಯ್ತು, ಹೊಸಬರು ದಯವಿಟ್ಟು ಗಮನಿಸಿ. 2000 ವ್ಯಾಟ್‌ನಲ್ಲಿ ಮುಂಚೆ ಕುದಿ ಸಪ್ಪೆಯಾಗಿ ಬರ್ತಿತ್ತು, ಗಂಟೆಗೆ ಎರಡೂವರೆ ಲೀಟರ್ ಆವಿ ಹೋಗ್ತಿತ್ತು. ಗೋಡೆಯಿಂದ ಸೋರ್ತಿದ್ದ ಬಿಸಿ ನಿಂತ ಮೇಲೆ ಅದೂ ಕುದಿಗೇ ಸೇರ್ಕೊಂಡು, ಉರುಳಿ ಉರುಳಿ ಕುದಿಯೋಕೆ ಶುರು ಆಯ್ತು, ಆವಿ ಮೂರು ಲೀಟರ್ ಹತ್ರ ಬಂತು. ಮೊದಲ ಬ್ಯಾಚ್‌ನಲ್ಲಿ ಗೊತ್ತಾಗದೆ ಹಳೇ ನೀರಿನ ಅಳತೇನೇ ಹಾಕಿ ಫರ್ಮೆಂಟರ್‌ಗೆ ಅರ್ಧ ಲೀಟರ್ ಕಮ್ಮಿ ಬಿತ್ತು, ಗ್ರಾವಿಟಿ ಜಾಸ್ತಿ ಬಂತು. ಸುತ್ತಿದ ಮೇಲೆ ನಿಮ್ಮ ನೀರಿನ ಲೆಕ್ಕ ಹೊಸದಾಗಿ ಅಳೀರಿ.

ಮತ್ತೆ ಎಲಿಮೆಂಟ್‌ನ ವೈರ್ ಬರೋ ಡಬ್ಬಿ, ಕಂಟ್ರೋಲ್ ಪ್ಯಾನೆಲ್ ಇವುಗಳ ಮೇಲೆ ಫೋಮ್ ಮುಚ್ಚಲೇಬೇಡಿ. ಅವಕ್ಕೆ ಗಾಳಿ ಬೇಕು, ಅಲ್ಲಿ ಹಬೆ ಕೂತು ನೀರಾದ್ರೆ ಕರೆಂಟ್ ವಿಷಯ, ಆಟ ಅಲ್ಲ.

ಗಸಿಗಡಿಗೆ:
ರಾಕ್‌ವೂಲ್ ಅಂತೂ ಬೆಂಕಿಗೆ ಹೆದರಲ್ವಲ್ಲ ಮೇಡಂ, 600 ಡಿಗ್ರಿ ತಾಳುತ್ತೆ. ಗ್ಯಾಸ್ ಇರೋರಿಗೆ ಅದೇ ಸರಿ ಅಲ್ವಾ?

ನೊರೆನೊರೆ:
ಬೆಂಕಿಗೆ ಹೆದರೋದಿಲ್ಲ, ನಿಜ. ಆದ್ರೆ ಅದರ ಪುಡಿ ಇದೆಯಲ್ಲ, ಸಣ್ಣ ಸಣ್ಣ ಕಲ್ಲಿನ ನಾರು, ಕೈಗೆ ಚುಚ್ತದೆ, ಗಂಟಲಿಗೆ ಹೋಗ್ತದೆ, ಮುಚ್ಚಳ ತೆಗೆದಾಗ ಮ್ಯಾಶ್‌ಗೂ ಬೀಳ್ತದೆ. ಕುಡಿಯೋ ವಸ್ತುವಿನ ಪಕ್ಕ ಅದನ್ನ ಬಿಚ್ಚಾಗಿ ಇಡೋದು ನನಗೆ ಸರಿ ಕಾಣೋದಿಲ್ಲ. ಗಾಜಿನ ನಾರಿನ ಬಟ್ಟೆಯ ಚೀಲದಲ್ಲಿ ನಾಲ್ಕೂ ಕಡೆ ಹೊಲಿದು, ಹೊರಗೆ ಅಲ್ಯೂಮಿನಿಯಂ ಹಾಳೆ ಹಾಕಿದ್ರೆ ಆಗಬಹುದು, ಕಾರ್ಖಾನೆಗಳಲ್ಲಿ ಪೈಪಿಗೆ ಹಾಗೇ ಮಾಡೋದು. ಮನೇಲಿ ಅಷ್ಟು ಕೆಲಸ ಮಾಡಿ ಸಿಗೋದು ಅದೇ 0.035 ಅಲ್ವಾ, ಹಬೆಯಂತ್ರದವರು ಹೇಳಿದ ಹಾಗೆ. ಸೆರಾಮಿಕ್ ಫೈಬರ್ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಖಂಡಿತ ಬೇಡ, ಅದು ಕುಲುಮೆಗೆ ಇರೋದು, ಅದರ ನಾರು ಶ್ವಾಸಕೋಶಕ್ಕೆ ಇನ್ನೂ ಕೆಟ್ಟದ್ದು.

ಎರಡುಕುದಿ:
ಅಂಟಿನ ಬಗ್ಗೆ ಯಾರೂ ಹೇಳಿಲ್ಲ ನೋಡ್ರಿ. ಫೋಮಿನ ಹಿಂದ ಅಂಟು ಹಚ್ಚೇ ಮಾರತಾರ, ಹಾಳಿ ಸುಲದು ಹಚ್ಚೂದು. ತಣ್ಣಗಿದ್ದಾಗ ಗಟ್ಟಿ ಹಿಡೀತೈತಿ, 70-80 ಡಿಗ್ರಿ ಆತಂದ್ರ ಮೆತ್ತಗಾಗಿ ಫೋಮು ತನ್ನ ಭಾರಕ್ಕ ತಾನ ಕೆಳಗ ಜಾರತೈತಿ. ಗ್ಯಾಸ್ ಇದ್ರ ಜಾರಿ ಎಲ್ಲಿಗೆ ಬರತೈತಿ ಅಂತ ನಿಮಗ ಗೊತ್ತೈತಿ. ಬಕಲ್ ಇರೂ ಪಟ್ಟಿ ಎರಡು, ಮ್ಯಾಲೊಂದು ಕೆಳಗೊಂದು, ಸಾಕು.

ಮಾಲ್ಟ್‌ಮನೆ:
ಇಷ್ಟು ಹೊತ್ತು ಓದ್ತಾ ಇದ್ದೆ. ಎಲ್ಲರೂ ಫೋಮ್ ಬಗ್ಗೆ ಮಾತಾಡ್ತಿದೀರ, ನಾನು ಮ್ಯಾಶ್ ಕಡೆಯಿಂದ ಎರಡು ಮಾತು ಹೇಳ್ತೀನಿ ಗುರುಗಳೇ.

ಒಂದ್ ಡಿಗ್ರೀನೂ ಇಳೀಬಾರದು ಅಂತ ಹಟ ಬೇಡ. ಮಾಲ್ಟ್ ಸರಿಯಾಗಿ ನುರಿದಿದ್ರೆ ಪಿಷ್ಟದ ದೊಡ್ಡ ಪಾಲು ಮೊದಲ ಅರ್ಧ ಗಂಟೇಲೇ ಸಕ್ಕರೆ ಆಗಿಬಿಡುತ್ತೆ. ಪಿಷ್ಟ ಕತ್ತರಿಸೋದು ಮಾಲ್ಟ್‌ನೊಳಗಿನ ಎರಡು ಕಿಣ್ವ: ಬೀಟಾ ಅಮೈಲೇಸ್ 60ರಿಂದ 65ರಲ್ಲಿ ಚುರುಕು, 70 ದಾಟಿದ್ರೆ ಬೇಗ ಸಾಯುತ್ತೆ, ಆಲ್ಫಾ ಅಮೈಲೇಸ್ 70ರ ಸುತ್ತಮುತ್ತ ಚೆನ್ನಾಗಿ ಕೆಲಸ ಮಾಡುತ್ತೆ. ನಿಮ್ಮದು 67ರಿಂದ 61ಕ್ಕೆ ಇಳಿಯುವಾಗ ಬೀಟಾಗೆ ಬೇಕಾದ ಜಾಗದಲ್ಲೇ ಬಹಳ ಹೊತ್ತು ನಿಲ್ಲುತ್ತೆ, ಉದ್ದ ಸಕ್ಕರೆಗಳನ್ನೆಲ್ಲ ಕತ್ತರಿಸಿ ಯೀಸ್ಟ್‌ಗೆ ಬಡಿಸುತ್ತೆ, ಬಿಯರ್ ತೆಳ್ಳಗಾಗೋದು ಅದಕ್ಕೇ. ಗಂಟೆಗೆ ಎರಡು ಡಿಗ್ರಿ ಒಳಗೆ ತಂದ್ರೆ ಕುಡಿಯುವಾಗ ವ್ಯತ್ಯಾಸ ಗೊತ್ತಾಗೋದು ಕಷ್ಟ. ನಾನು ಅಷ್ಟಕ್ಕೆ ನಿಲ್ಲಿಸ್ತೀನಿ.

ಇನ್ನೊಂದು, 61 ಅಂತ ಎಲ್ಲಿ ನೋಡಿದ್ರಿ? ಬ್ಯಾಗ್ ನಡುವೆ ಚುಚ್ಚಿ ನೋಡಿದ್ರಾ, ಗೋಡೆ ಪಕ್ಕ ನೋಡಿದ್ರಾ? ಕಲಕದೇ ಬಿಟ್ಟ ಮ್ಯಾಶ್‌ನಲ್ಲಿ ನಡುವಿಗೂ ಅಂಚಿಗೂ ಎರಡ್ಮೂರು ಡಿಗ್ರಿ ವ್ಯತ್ಯಾಸ ಇರೋದು ಮಾಮೂಲು. ಕಲಕಿ ಅಳೀರಿ, ಇಲ್ಲಾಂದ್ರೆ ಯಾವ ಫೋಮ್ ಚೆನ್ನಾಗಿದೆ ಅಂತ ಗೊತ್ತಾಗೋದೇ ಇಲ್ಲ. ಮೊದಲು ಬರೀ 26 ಲೀಟರ್ ನೀರು ಕಾಯಿಸಿ ಪರೀಕ್ಷೆ ಮಾಡಿ, ಮಾಲ್ಟ್ ಯಾಕೆ ದಂಡ ಮಾಡ್ತೀರ.

ಹಬೆಯಂತ್ರ:
ಮಾಲ್ಟ್‌ಮನೆ ಅವ್ರ ಮಾತು ನೂರಕ್ಕೆ ನೂರು ಸರಿ. ನೀರಿನ ಪರೀಕ್ಷೆ ಮಾಡಿ, ಮೂರು ಸಲ: ಬರೀ ಕೆಟಲ್, ಮುಚ್ಚಳಕ್ಕೆ ಮಾತ್ರ, ಆಮೇಲೆ ಎಲ್ಲದಕ್ಕೂ. ಅಂದ ಹಾಗೆ ಈ ಲೆಕ್ಕಕ್ಕೆಲ್ಲ ನಾವು ಬಳಸೋ ಜೂಲ್ ಅನ್ನೋ ಹೆಸರು ಜೇಮ್ಸ್ ಪ್ರೆಸ್ಕಾಟ್ ಜೂಲ್ ಅವರದ್ದು, 1818ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಹುಟ್ಟಿದವರು, ಅವರ ಮನೆತನದ್ದೇ ಬಿಯರ್ ಕಾರ್ಖಾನೆ ಇತ್ತು, ಅವರೂ ಅಲ್ಲಿ ಕೆಲಸ ಮಾಡಿದವರು. ಥರ್ಮಾಮೀಟರ್ ಹಿಡ್ಕೊಂಡು ನೀರಿನ ಬಿಸಿ ಅಳೆಯೋ ನಮ್ಮ ಕೆಲಸಕ್ಕೂ ಅವರಿಗೂ ನಂಟು ಇದೆ ಅನ್ನೋದು ನನಗೆ ತುಂಬಾ ಖುಷಿ ಕೊಡೋ ವಿಷಯ.

ಕುದಿಬಿಂದು:
ಎರಡು ವಾರ ಆಯ್ತು, ಈಗ ಬಂದೆ. ನೀವೆಲ್ಲ ಹೇಳಿದ್ದನ್ನ ಒಂದೊಂದಾಗಿ ಮಾಡಿದೀನಿ.

26 ಲೀಟರ್ ನೀರು, 67ಕ್ಕೆ ತಂದು ಬರ್ನರ್ ಆರಿಸಿ, ಕಲಕಿ ಅಳೆದು, ಒಂದು ಗಂಟೆ ಮುಟ್ಟದೇ ಬಿಟ್ಟು, ಮತ್ತೆ ಕಲಕಿ ಅಳೆದಿದ್ದು. ಬರೀ ಕೆಟಲ್: 60.9. ಎರಡನೇ ದಿನ ಮುಚ್ಚಳಕ್ಕೆ ಮಾತ್ರ ಹಾಕ್ದೆ, ಮೇಲೆ ನೈಟ್ರೈಲ್ ಎರಡು ಪದರ ದುಂಡಗೆ ಕತ್ತರಿಸಿಟ್ಟು, ಅಂಚಿಗೆ ಒಂದು ಹತ್ತಿ ಬಟ್ಟೆ ಸುರುಳಿ ಸುತ್ತಿ ಸಂದಿ ಮುಚ್ಚಿದೆ: 62.2. ಮುಚ್ಚಳ ಒಂದಕ್ಕೇ ಒಂದೂಕಾಲು ಡಿಗ್ರಿ ಉಳೀತು ಅಂದ್ರೆ ನಂಬೋಕೇ ಆಗ್ಲಿಲ್ಲ. ಮೊದಲ ದಿನ ಮುಚ್ಚಳದ ಸಂದಿ ಹತ್ರ ಅಂಗೈ ಹಿಡಿದಿದ್ದೆ, ಐದು ನಿಮಿಷದಲ್ಲಿ ಕೈಯೆಲ್ಲ ಒದ್ದೆಯಾಗಿತ್ತು, ಹಿಡಿಕೆಯ ಕೆಳಗೆ ಹನಿ ಹನಿಯಾಗಿ ನಿಂತು ಹೊರಗಡೆ ಗೋಡೆ ಮೇಲೆ ಇಳೀತಿತ್ತು. ಎರಡನೇ ದಿನ ಅದೇ ಜಾಗ ಒಣಗಿತ್ತು.

ಮೂರನೇ ದಿನ ಗೋಡೆಗೂ 13 ಮಿಲಿಮೀಟರ್ ನೈಟ್ರೈಲ್ ಒಂದೇ ಪದರ, ತಳದಿಂದ ನಾಲ್ಕು ಬೆರಳು ಮೇಲೆ ಬಿಟ್ಟು, ಎರಡು ಬಕಲ್ ಪಟ್ಟಿ: 64.4. ಅಂಟಿನ ಹಾಳೆ ಸುಲಿಯಲೇ ಇಲ್ಲ. ನಿನ್ನೆ ನಿಜವಾದ ಮ್ಯಾಶ್ ಮಾಡ್ದೆ, 67ರಿಂದ 64.6. ನೀರು ಕಾಯಿಸುವಾಗ ಬಿಚ್ಚಿಟ್ಟಿದ್ದೆ, ಮಾಲ್ಟ್ ಹಾಕಿ ಬರ್ನರ್ ಆರಿಸಿ ಸ್ಟ್ಯಾಂಡ್ ಆರೋವರೆಗೂ ಐದು ನಿಮಿಷ ಕಾದು ಕಟ್ಟಿದೆ, ಕುದಿಸೋ ಮೊದಲು ಮತ್ತೆ ಬಿಚ್ಚಿದೆ.

ಎರಡು ಪ್ರಶ್ನೆ ಉಳಿದಿದೆ. ಆ ನಾಲ್ಕು ಬೆರಳು ಜಾಗ ಮತ್ತೆ ತಳ ಬೋಳಾಗಿದೆಯಲ್ಲ, ಅದಕ್ಕೇನಾದ್ರೂ ಮಾಡಬಹುದಾ? ವಾಲ್ವ್ ಇರೋ ಕಡೆ ಫೋಮ್ ಎದ್ದು ನಿಲ್ತಿದೆ, ಅಲ್ಲಿ ಕೈ ಇಟ್ರೆ ಬಿಸಿ ಗಾಳಿ ತಾಗುತ್ತೆ.

ಮಾಲ್ಟ್‌ಮನೆ:
64.6ಕ್ಕೆ ನಿಂತಿದೆ ಅಂದ್ರೆ ಬಹಳ ಒಳ್ಳೇ ಕೆಲಸ ಮಾಡಿದೀರ. 67 ಬದಲು 68ಕ್ಕೆ ಶುರು ಮಾಡಿ, ಸರಾಸರಿ ನಿಮಗೆ ಬೇಕಾದಲ್ಲೇ ಬರುತ್ತೆ.

ಹಬೆಯಂತ್ರ:
ತಳಕ್ಕೆ ಒಂದು ದಾರಿ ಇದೆ, ಕೆಟಲ್‌ನ ಸ್ಟ್ಯಾಂಡಿಂದ ಇಳಿಸಿ ದಪ್ಪ ಕಾರ್ಕ್ ಅಥವಾ ಮರದ ಹಲಗೆ ಮೇಲೆ ಇಡೋದು. ಆದ್ರೆ 30 ಕೆಜಿ ಬಿಸಿ ಮ್ಯಾಶ್ ಎತ್ತಿ ಇಳಿಸೋ ಅಪಾಯಕ್ಕೆ ಹೋಲಿಸಿದ್ರೆ ಸಿಗೋದು ಮುಕ್ಕಾಲು ಡಿಗ್ರಿ. ಬೇಡ. ಹಾಗೇ ಬಿಡಿ.

ಹಾಪ್ಸ್‌ಹುಡುಗಿ:
ಸೂಪರ್ ಕುದಿಬಿಂದು ಅವ್ರೇ! ಒಂದು ಮಾತು, ಮುಚ್ಚಳದ ಫೋಮ್ ಚೆನ್ನಾಗಿದೆ ಅಂತ ಕುದಿಸುವಾಗಲೂ ಮುಚ್ಚಿಡಬೇಡಿ, ಪಿಲ್ಸ್ನರ್ ಥರದ ತಿಳಿ ಮಾಲ್ಟ್‌ನಲ್ಲಿ ಹುಟ್ಟೋ ಡಿಎಂಎಸ್ (ಗಂಧಕ ಇರೋ ಒಂದು ವಾಸನೆಯ ವಸ್ತು) ಹಬೆ ಜೊತೆ ಹೊರಗೆ ಹೋಗ್ಬೇಕು, ಇಲ್ಲಾಂದ್ರೆ ಬೇಯಿಸಿದ ಜೋಳದ ವಾಸನೆ ಉಳಿಯುತ್ತೆ. ತಣಿಸುವಾಗಲೂ ಸುತ್ತಿರೋದನ್ನ ಬಿಚ್ಚಿಡಿ.

ನೊರೆನೊರೆ:
ವಾಲ್ವ್ ಹತ್ರ ದುಂಡಗೆ ತೂತು ಕೊರೆದಿದ್ದೀರಾ? ಹಾಗೆ ಮಾಡ್ಬೇಡಿ. ಫೋಮಿನ ಎರಡು ತುದಿ ಸೇರೋ ಜಾಗ ವಾಲ್ವ್ ಮೇಲೇ ಬರೋ ಹಾಗೆ ತಿರುಗಿಸಿ, ಎರಡೂ ತುದೀಲಿ ಅರ್ಧ ಅರ್ಧ ಚಂದ್ರ ಕತ್ತರಿಸಿ, ವಾಲ್ವಿಗಿಂತ ಒಂದು ನೂಲು ಸಣ್ಣದಾಗಿಯೇ. ರಬ್ಬರ್ ಅಲ್ವಾ, ಹಿಗ್ಗಿ ಕಚ್ಚಿ ಹಿಡೀತದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ಫೋಮಿಗೆ ಬ್ಲೇಡ್ ಹಾಕಿ.

ಕುದಿಬಿಂದು:
ದುಂಡಗೇ ಕೊರೆದಿದ್ದೆ ಸಾರ್. ಇನ್ನೊಂದು ತುಂಡು ಮಿಕ್ಕಿದೆ, ಅದರಲ್ಲಿ ನೀವು ಹೇಳಿದ ಹಾಗೆ ಈಗಲೇ ರಟ್ಟು ಕತ್ತರಿಸ್ತಾ ಕೂತಿದೀನಿ. ಭಾನುವಾರದ ಮ್ಯಾಶ್ ಆದ ಮೇಲೆ ಅಂಕಿ ಇಲ್ಲೇ ಹಾಕ್ತೀನಿ.